'ಅದು ಏಜೆನ್ಸಿಯವರದ್ದು' ಅಂದರೆ ಹೇಗೆ?

ನಮ್ಮ ಚಿಕ್ಕಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಊರಿನ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ, ದುಡ್ಡು ಕೊಡಬೇಕಿಲ್ಲ. ಆದರೆ ಅದನ್ನು ನಡೆಸುವುದು ಹೊರಗುತ್ತಿಗೆ ಏಜೆನ್ಸಿ. ಕಳೆದ ಸಲ ರಜೆಗೆ ಹೋದಾಗ ನಾನೇ ಕರೆದುಕೊಂಡು ಹೋಗಿದ್ದೆ. ನೀರು ಶುದ್ಧ ಮಾಡುವ ಆರ್‌ಒ ಕೆಟ್ಟಿತ್ತು. ಎಂಟು ಜನ ಬೆಂಚಿನ ಮೇಲೆ ಕಾಯುತ್ತಿದ್ದರು, ಕೆಲವರ ಪಾದ ಚಪ್ಪಲಿಗೆ ಹಿಡಿಸದಷ್ಟು ಊದಿತ್ತು. ಡಾಕ್ಟರನ್ನು ಕೇಳಿದೆ. "ಅದು ಏಜೆನ್ಸಿಯವರದ್ದು ಸರ್, ನಮಗೆ ಬರಲ್ಲ" ಅಂದರು. ಟೆಕ್ನಿಷಿಯನ್ ಹುಡುಗ "ಮೇಲಿನವರಿಗೆ ಹೇಳಿದ್ದೀವಿ" ಅಂದ. ಚಿಕ್ಕಪ್ಪ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಇರುವ ಎಡಗೈಯನ್ನು ಟವೆಲಿನಲ್ಲಿ ಮುಚ್ಚಿಕೊಂಡು ಸುಮ್ನೆ ಕೂತಿದ್ದರು.

ಒಂದು ಸಲದ ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ನೀರು ಬೇಕು. ಆ ನೀರಿಗೂ ರಕ್ತಕ್ಕೂ ನಡುವೆ ಇರುವುದು ತೆಳ್ಳನೆಯ ಪೊರೆ ಅಷ್ಟೆ. ಆ ನೀರನ್ನು ಕೊನೆಯ ಸಲ ಯಾವಾಗ ಪರೀಕ್ಷೆ ಮಾಡಿದರು ಅಂತ ಆಸ್ಪತ್ರೆಯ ಒಬ್ಬರಿಗಾದರೂ ಗೊತ್ತಿರಬೇಕು ಅಲ್ವಾ?

ನಾನಿರುವುದು ದಕ್ಷಿಣ ಲಂಡನ್ನಿನಲ್ಲಿ. ಇಲ್ಲೂ ರಕ್ತಪರೀಕ್ಷೆಯನ್ನು ಹೊರಗೆ ಕೊಟ್ಟಿದ್ದಾರೆ. ಕಿಂಗ್ಸ್ ಕಾಲೇಜ್, ಗೈಸ್ ಅಂಡ್ ಸೇಂಟ್ ಥಾಮಸ್ ಆಸ್ಪತ್ರೆಗಳ ಲ್ಯಾಬ್ ನಡೆಸುವುದು ಸಿನೋವಿಸ್ ಅನ್ನುವ ಸಂಸ್ಥೆ. ಖಾಸಗಿ ಕಂಪನಿಯ ಜೊತೆ ಈ ಆಸ್ಪತ್ರೆಗಳೂ ಅದರಲ್ಲಿ ಪಾಲುದಾರರು. 2024ರ ಜೂನ್ 3ರಂದು ಸೈಬರ್ ದಾಳಿಗೆ ಅದರ ಕಂಪ್ಯೂಟರುಗಳು ನಿಂತವು. ರೋಗಿಯ ರಕ್ತದ ಗುಂಪು ಹೊಂದಿಸಿ ನೋಡುವುದೇ ಕಷ್ಟವಾಯಿತು. ಯಾವ ಗುಂಪಿನವರಿಗಾದರೂ ಕೊಡಬಹುದಾದ ಓ ನೆಗೆಟಿವ್ ರಕ್ತಕ್ಕಾಗಿ ದಾನಿಗಳನ್ನು ಕೂಗಿ ಕರೆಯಬೇಕಾಯಿತು. 10 ಸಾವಿರಕ್ಕೂ ಜಾಸ್ತಿ ಅಪಾಯಿಂಟ್‌ಮೆಂಟುಗಳು ಮುಂದಕ್ಕೆ ಹೋದವು.

ಅಂದರೆ ಇಲ್ಲಿ ಎಲ್ಲ ಸರಿಯಿದೆ ಅಂತ ನಾನು ಹೇಳುತ್ತಿಲ್ಲ. ಇಷ್ಟೊಂದು ಆಸ್ಪತ್ರೆಗಳ ರಕ್ತಪರೀಕ್ಷೆಯನ್ನು ಒಂದೇ ಕಡೆ ಒಪ್ಪಿಸಿ ಕೂತದ್ದು ನನ್ನ ಪ್ರಕಾರ ತಪ್ಪೇ. ಆದರೆ 2025ರ ಜೂನ್‌ನಲ್ಲಿ ಕಿಂಗ್ಸ್ ಆಸ್ಪತ್ರೆ ತಾನೇ ಬಾಯಿಬಿಟ್ಟು ಹೇಳಿತು: ದಾಳಿಯ ದಿನಗಳಲ್ಲಿ ಒಬ್ಬ ರೋಗಿ ತೀರಿಕೊಂಡರು, ರಕ್ತಪರೀಕ್ಷೆಯ ವರದಿ ತಡವಾದದ್ದೂ ಅದಕ್ಕೆ ಒಂದು ಕಾರಣ. ತನಿಖೆಯಲ್ಲಿ ಕಂಡದ್ದನ್ನು ಮನೆಯವರ ಮುಂದೆಯೂ ಇಟ್ಟಿತು. ಲ್ಯಾಬಿನವರ ಕಡೆ ಬೆರಳು ತೋರಿಸಿ ಜಾರಿಕೊಳ್ಳಲಿಲ್ಲ.

ನಮ್ಮೂರಿಗೂ ಬೇಕಾದದ್ದು ಇದೇ. ಡಯಾಲಿಸಿಸ್ ಕೋಣೆಯ ಬಾಗಿಲಲ್ಲಿ ಒಂದು ಬೋರ್ಡು ಇರಲಿ. ನೀರು ಪರೀಕ್ಷಿಸಿದ ತಾರೀಕು, ಎಷ್ಟು ಮಷಿನ್ ಓಡುತ್ತಿವೆ, ಎಷ್ಟು ಕೆಟ್ಟಿವೆ, ಕೆಳಗೆ ಆಸ್ಪತ್ರೆಯ ಡಾಕ್ಟರ ಸಹಿ. ಆ ಸಹಿ ಇಲ್ಲದೆ ಏಜೆನ್ಸಿಯ ಬಿಲ್ ಪಾಸ್ ಆಗಬಾರದು.

ಅವತ್ತು ಚಿಕ್ಕಪ್ಪನನ್ನು ಕಾರಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹಿಂದಿನ ಸೀಟಿನಲ್ಲಿ ಇನ್ನಿಬ್ಬರಿಗೆ ಜಾಗ ಆಯಿತು. ಉಳಿದವರು ಬೆಂಚಿನ ಮೇಲೇ ಇದ್ದರು.