ದಾವಣಗೆರೆಯಿಂದ ಕಾನ್ಪುರಕ್ಕೆ ಎಷ್ಟು ಜನ ದೂರ?

ಪ್ರಪಂಚದ ಯಾವ ಇಬ್ಬರು ಅಪರಿಚಿತರನ್ನು ತಗೊಂಡರೂ ನಡುವೆ ಆರು ಜನರ ಪರಿಚಯದಷ್ಟೇ ದೂರ ಅನ್ನೋ ಮಾತನ್ನು ಎಲ್ಲರೂ ಕೇಳಿರ್ತೀರಿ. ಮಾತು ಹೆಚ್ಚುಕಮ್ಮಿ ನಿಜ. ಆದರೆ ಅದನ್ನೇ ನಂಬಿಕೊಂಡು "ಅರ್ಜೆಂಟ್ ರಕ್ತ ಬೇಕು", "ಎಲ್ಲಾದ್ರೂ ಕೆಲಸ ಇದ್ರೆ ಹೇಳಿ" ಅಂತ ಸಿಕ್ಕ ಗ್ರೂಪಿಗೆಲ್ಲ ಹಾಕಿ ಕೂತರೆ ಕೆಲಸ ಆಗಲ್ಲ. ದಾರಿ ಹತ್ತಿರ ಇರೋದು ಒಂದು, ಆ ದಾರೀಲಿ ನಮ್ಮ ಮಾತು ಕೊನೆ ಮುಟ್ಟೋದು ಇನ್ನೊಂದು.

ಈ ಲೆಕ್ಕಕ್ಕೆ ಹೆಸರು ತಂದುಕೊಟ್ಟಿದ್ದು ಅಮೆರಿಕದ ಮನಃಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್ಗ್ರಾಮ್. ಅವರು ಜೆಫ್ರಿ ಟ್ರಾವರ್ಸ್ ಜತೆ 1969ರಲ್ಲಿ ಪ್ರಕಟಿಸಿದ ಪ್ರಯೋಗ ಹೀಗಿತ್ತು. ನೆಬ್ರಾಸ್ಕ ಮತ್ತು ಬಾಸ್ಟನ್ ಕಡೆಯ 296 ಜನಕ್ಕೆ ಒಂದು ಲಕೋಟೆ ಕೊಟ್ಟರು. ಬಾಸ್ಟನ್‌ನಲ್ಲಿ ಕೆಲಸ ಮಾಡುವ ಒಬ್ಬ ಷೇರು ದಲ್ಲಾಳಿಗೆ ಅದು ಸೇರಬೇಕು. ಆದರೆ ಹೆಸರು ಹಿಡಿದು ಕರೆಯುವಷ್ಟು ಪರಿಚಯ ಇರೋರ ಕೈಗೆ ಮಾತ್ರ ಕೊಡಬೇಕು. ಮುಟ್ಟಿದ್ದು 64. ಮುಟ್ಟಿದವುಗಳಲ್ಲಿ ನಡುವೆ ಇದ್ದವರು ಸರಾಸರಿ 5.2 ಜನ. ಮುಟ್ಟದೇ ಹೋದ 232ರ ಸುದ್ದಿ ಯಾರೂ ಎತ್ತಲ್ಲ. ಅವುಗಳಲ್ಲಿ 79 ಮೊದಲನೆಯವರ ಮನೆ ಬಿಟ್ಟೇ ಹೊರಡಲಿಲ್ಲ. ಇನ್ನೊಂದು ವಿಷಯ: ಮುಟ್ಟಿದ 64ರಲ್ಲಿ 16 ಲಕೋಟೆಗಳನ್ನು ಕೊನೆಗೆ ಆ ದಲ್ಲಾಳಿಗೆ ಕೊಟ್ಟಿದ್ದು ಅವರ ಊರಿನ ಒಬ್ಬನೇ ಬಟ್ಟೆ ವ್ಯಾಪಾರಿ.

2003ರಲ್ಲಿ ಸಮಾಜಶಾಸ್ತ್ರಜ್ಞ ಡಂಕನ್ ವಾಟ್ಸ್ ತಂಡ ಇದನ್ನೇ ಇಮೇಲ್‌ನಲ್ಲಿ ಮಾಡಿತು. ಹೊರಟ ಸರಪಳಿ 24,163, ಗುರಿ ಮುಟ್ಟಿದ್ದು 384. ಯಾರಿಗೆ ಕಳಿಸಬೇಕೋ ತೋಚಲಿಲ್ಲ ಅಂದವರು ತೀರಾ ಕಡಿಮೆ. ಬಹುತೇಕ ಸರಪಳಿಗಳು ತುಂಡಾಗಿದ್ದು ಜನ ಮನಸ್ಸು ಮಾಡದೇ ಹೋಗಿದ್ದಕ್ಕೆ.

ಸ್ವಲ್ಪ ಗುಣಾಕಾರ ಮಾಡಿ ನೋಡಿ. ಮೂವರಲ್ಲಿ ಒಬ್ಬರು ಮಾತ್ರ ಮುಂದಕ್ಕೆ ದಾಟಿಸ್ತಾರೆ ಅಂದ್ಕೊಳ್ಳಿ. ನಾಲ್ಕು ಸಲ ಕೈ ದಾಟುವಷ್ಟರಲ್ಲಿ ಉಳಿಯೋದು 81ಕ್ಕೆ 1, ಆರು ಸಲಕ್ಕೆ 729ಕ್ಕೆ 1. ಹತ್ತರಲ್ಲಿ ಒಂಬತ್ತು ಜನ ದಾಟಿಸಿದರೆ ಆರು ಸಲ ದಾಟಿದ ಮೇಲೂ ನೂರಕ್ಕೆ 53 ಉಳೀತವೆ. ಅಂದ್ರೆ ದಾರಿ ಗಿಡ್ಡ ಮಾಡೋದಕ್ಕಿಂತ ಪ್ರತಿಯೊಬ್ಬರೂ ದಾಟಿಸೋ ಹಾಗೆ ಮಾಡೋದೇ ದೊಡ್ಡದು.

ಫೇಸ್‌ಬುಕ್ 2011ರಲ್ಲಿ 72 ಕೋಟಿ ಬಳಕೆದಾರರ ಲೆಕ್ಕ ಹಾಕಿದಾಗ ಇಬ್ಬರ ನಡುವೆ ಸರಾಸರಿ 3.74 ಜನ ಬಂದರು; 2016ರಲ್ಲಿ 159 ಕೋಟಿ ಜನಕ್ಕೆ 3.57. ಆದರೆ ಇಡೀ ಜಾಲ ಕಣ್ಣಮುಂದೆ ಇಟ್ಟುಕೊಂಡು ಯಂತ್ರ ಹುಡುಕಿದ ದಾರಿ ಅದು. ದಾವಣಗೆರೆಯ ವಿದ್ಯಾನಗರದಲ್ಲಿ ಕೂತ ನಮಗೆ ಕಾಣೋದು ನಮ್ಮ ಪರಿಚಯದವರು ಮಾತ್ರ. ಹಾಗಾಗಿ ಮೊದಲ ಕೈ ಯಾವುದು ಅನ್ನೋದರಲ್ಲೇ ಅರ್ಧ ಕೆಲಸ ಇದೆ.

ಇಲ್ಲಿ ನಾವು ಎಡವೋದು ಹತ್ತಿರದವರನ್ನೇ ಹಿಡಿದು. ಅಣ್ಣತಮ್ಮಂದಿರು, ಬೀಗರು, ಕಾಲೇಜಿನ ಗೆಳೆಯರು ಎಲ್ಲ ಒಂದೇ ಮದುವೇಲಿ ಊಟ ಮಾಡೋರು. ಅವರಿಗೆ ಗೊತ್ತಿರೋ ನೂರು ಜನ ನಿಮಗೂ ಗೊತ್ತು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟ್ಟರ್ 1973ರಲ್ಲಿ ತೋರಿಸಿದ್ದೂ ಇದನ್ನೇ. ಪರಿಚಯದವರ ಮೂಲಕ ಕೆಲಸ ಸಿಕ್ಕವರಲ್ಲಿ, ಆ ಪರಿಚಯದವರನ್ನು ಪದೇಪದೇ ಭೇಟಿ ಮಾಡ್ತಿದ್ದವರು ಶೇ. 16.7 ಮಾತ್ರ. ಯಾವಾಗಲೋ ಒಮ್ಮೆ ಸಿಗ್ತಿದ್ದೋರು ಶೇ. 55.6, ವರ್ಷಕ್ಕೊಮ್ಮೆಯೋ ಅದಕ್ಕೂ ಕಡಿಮೆಯೋ ಸಿಗ್ತಿದ್ದೋರು ಶೇ. 27.8.

ಕಾನ್ಪುರಕ್ಕೆ ಹೋದ ನಮ್ಮ ಊರಿನ ಹುಡುಗ ಆಸ್ಪತ್ರೆ ಸೇರಿದ, ಅಲ್ಲಿ ಹೋಗಿ ನೋಡೋಕೆ ಒಬ್ಬರು ಬೇಕು ಅಂತಿಟ್ಟುಕೊಳ್ಳಿ. ಎಲ್ಲರೂ ಮೊದಲು ಫೋನ್ ಮಾಡೋದು ಬೆಂಗಳೂರಿನ ಐಟಿ ನೆಂಟರಿಗೆ. ಚನ್ನಗಿರಿಯಲ್ಲೋ ಭೀಮಸಮುದ್ರದಲ್ಲೋ ಅಡಿಕೆ ಖರೀದಿ ಮಾಡೋರನ್ನು ಕೇಳಿ ಅಂತೀನಿ ನಾನು. ನಮ್ಮ ಅಡಿಕೆ ಪಾನ್ ಮಸಾಲ ತಯಾರಿಸೋ ಊರುಗಳಿಗೆ ಲೋಡುಗಟ್ಟಲೆ ಹೋಗುತ್ತೆ, ಕಾನ್ಪುರ ಅದರಲ್ಲಿ ದೊಡ್ಡದು. ಲೋಡು ಇಳಿಸಿಕೊಳ್ಳೋ ಪಾರ್ಟಿಯ ನಂಬರು ವ್ಯಾಪಾರಿ ಹತ್ರ ಇರುತ್ತೆ, ಇಲ್ಲಾಂದ್ರೆ ಲಾರಿ ಕಳಿಸೋ ಟ್ರಾನ್ಸ್‌ಪೋರ್ಟ್ ಆಫೀಸಲ್ಲಿ ಇರುತ್ತೆ. ಎರಡು ಮೂರು ಕೈಯಲ್ಲಿ ಕೆಲಸ ಮುಗೀತು. ಹಾಗೆಯೇ ಹೊಸದುರ್ಗದ ಕೊಬ್ಬರಿಯವರಿಗೆ ತಿಪಟೂರು ಗೊತ್ತು, ನಮ್ಮ ಎಪಿಎಂಸಿಯ ಮೆಕ್ಕೆಜೋಳದವರಿಗೆ ಕೋಳಿ ಆಹಾರದ ಕಾರ್ಖಾನೆಯವರು ಗೊತ್ತು. ಓದು ಎಷ್ಟಿದೆ ಅಂತ ನೋಡಬೇಡಿ. ಅವರ ದಂಧೆ ಎಲ್ಲಿವರೆಗೆ ಕೈ ಚಾಚಿದೆ ನೋಡಿ.

ರಕ್ತದ ವಿಷಯ ಇನ್ನೂ ಸೂಕ್ಷ್ಮ. ಬಾಂಬೆ ಬ್ಲಡ್ ಗ್ರೂಪ್ ಅಂತ ಒಂದಿದೆ, 1952ರಲ್ಲಿ ಡಾ. ಭೆಂಡೆ ಮತ್ತು ಸಂಗಡಿಗರು ಮುಂಬೈನಲ್ಲಿ ಗುರುತಿಸಿದ್ದು. ನಮ್ಮ ದೇಶದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರಿಗೆ ಇರುತ್ತೆ. ಮಾಮೂಲಿ ಪರೀಕ್ಷೆಯಲ್ಲಿ ಓ ಗ್ರೂಪಿನ ಹಾಗೇ ಕಾಣುತ್ತೆ, ಆದರೆ ಓ ರಕ್ತ ಕೊಟ್ಟರೆ ಜೀವಕ್ಕೇ ಅಪಾಯ; ಅದೇ ಗುಂಪಿನವರದ್ದೇ ಬೇಕು. ಇಂಥದ್ದನ್ನು ಹಳೇ ವಿದ್ಯಾರ್ಥಿಗಳ ಗ್ರೂಪಿಗೆ ಹಾಕಿದರೆ "ನಂದು ಓ ಪಾಸಿಟಿವ್, ಬರ್ಲಾ?" ಅಂತ ನಲವತ್ತು ಉತ್ತರ ಬರ್ತವೆ, ಬೇಕಾದ್ದು ಬರಲ್ಲ. ಮೊದಲ ಫೋನು ಬ್ಲಡ್ ಬ್ಯಾಂಕಿನ ಟೆಕ್ನಿಷಿಯನ್‌ಗೆ ಹೋಗಬೇಕು. ಬೇರೆ ಊರಿನ ಬ್ಲಡ್ ಬ್ಯಾಂಕಿನವರು, ಅಪರೂಪದ ಗುಂಪಿನ ದಾನಿಗಳ ಪಟ್ಟಿ ಇಟ್ಟುಕೊಂಡಿರೋರು ಅವರ ಸಂಪರ್ಕದಲ್ಲಿ ಇರ್ತಾರೆ.

ಇನ್ನು ಬರೆಯೋ ರೀತಿ. ರಕ್ತದ ಗುಂಪು, ಪೂರ್ಣ ರಕ್ತವೋ ಪ್ಲೇಟ್‌ಲೆಟ್ಟೋ, ಎಷ್ಟು ಯೂನಿಟ್, ಆಸ್ಪತ್ರೆ ಯಾವ ಊರಲ್ಲಿದೆ, ಜತೆಗಿರೋರ ಫೋನ್ ನಂಬರು, ಎಷ್ಟು ಗಂಟೆಯೊಳಗೆ ಬೇಕು, ಇಷ್ಟೂ ಇರಲಿ. ತಾರೀಕು ಮರೀಲೇಬೇಡಿ. "ಇವತ್ತು ಸಂಜೆ" ಅಂತ ಬರೆದ ಸಂದೇಶ ಆರು ತಿಂಗಳಾದ ಮೇಲೂ ಸುತ್ತುತ್ತಾ ಇರುತ್ತೆ, ಅಂಥವನ್ನು ನೋಡಿ ನೋಡಿಯೇ ಜನ ನಿಜವಾದದ್ದನ್ನೂ ನಂಬದ ಹಾಗಾಗಿದ್ದಾರೆ. ಫೋಟೋ ಮಾಡಿ ಕಳಿಸಬೇಡಿ, ಅದರಲ್ಲಿರೋ ನಂಬರ್ ನೋಡಿಕೊಂಡು ಒತ್ತಬೇಕಾಗುತ್ತೆ.

ಗ್ರೂಪಿನ ಇನ್ನೂರು ಜನಕ್ಕೆ ಒಟ್ಟಿಗೆ ಹಾಕಿದರೆ ಪ್ರತಿಯೊಬ್ಬರೂ ಇನ್ಯಾರೋ ನೋಡ್ಕೋತಾರೆ ಅಂದ್ಕೋತಾರೆ. ಅದಕ್ಕಿಂತ ಐದು ಜನರನ್ನು ಆರಿಸಿ ಒಬ್ಬೊಬ್ಬರಿಗೂ ಹೆಸರು ಹೇಳಿ ಬರೀರಿ: "ಅಣ್ಣಾ, ನಿಮಗೆ ಕಾನ್ಪುರದ ಪಾರ್ಟಿ ಗೊತ್ತಲ್ಲ, ಅವರಿಗೊಂದು ಫೋನ್ ಮಾಡ್ತೀರಾ?" ಅವರನ್ನೇ ಯಾಕೆ ಕೇಳ್ತಿದ್ದೀರಿ ಅನ್ನೋದು ಆ ಸಾಲಲ್ಲೇ ಗೊತ್ತಾಗಬೇಕು. ಒಂದು ಗಂಟೆ ಬಿಟ್ಟು ಉತ್ತರ ಬರದಿದ್ದರೆ ಫೋನ್ ಮಾಡಿ ಕೇಳಿ, ಸಂಕೋಚ ಬೇಡ. ಅವರಿಂದ ಆಗಲ್ಲ ಅಂತಾದ್ರೆ ಇನ್ನೊಬ್ಬರನ್ನು ಹಿಡಿಯೋಕೆ ಟೈಮ್ ಇರುತ್ತೆ. ಕೆಲಸ ಆದ ಮೇಲೆ "ಸಿಕ್ಕಿತು, ಇನ್ನು ಮುಂದಕ್ಕೆ ಕಳಿಸಬೇಡಿ" ಅಂತ ಅದೇ ಐದು ಜನಕ್ಕೂ ಹೇಳಿ, ಅವರು ಯಾರಿಗೆ ದಾಟಿಸಿದ್ದಾರೋ ಅವರಿಗೂ ಹೇಳೋಕೆ ಹೇಳಿ.