ಎಂಜಿನ್ ಆಫ್ ಮಾಡಿ ಗೇರ್ ಹಾಕಿ ತೋರಿಸ್ತಾರೆ ನನಗೆ! ನನ್ನ ಕಾರಿಗೆ ಹೊಸ ಸ್ಪೋರ್ಟ್ಸ್ ಕ್ಲಚ್ ಕೂರಿಸಿದ ಮೆಕ್ಯಾನಿಕ್ಕು. ಆ ಕ್ಲಚ್ ಬಿಡ್ತಿಲ್ಲ, ಅಂದರೆ ಪೆಡಲ್ ಒತ್ತಿದರೂ ಎಂಜಿನ್‌ನಿಂದ ಗೇರ್‌ಬಾಕ್ಸನ್ನು ಬೇರೆ ಮಾಡ್ತಿಲ್ಲ ಅಂತ ಹೇಳೋಕೆ ಹೋದರೆ ನನಗೆ ಸಿಕ್ಕಿದ ಉತ್ತರ ಇದು.

ಎಂಜಿನ್ ಆಫ್ ಇದ್ದಾಗ ಗೇರ್ ಬೀಳುತ್ತದೆ ಕಣ್ರೀ! ಯಾವ ಗಾಡಿಗಾದರೂ ಬೀಳುತ್ತದೆ. ಕ್ಲಚ್ ಪೂರ್ತಿ ಕೆಟ್ಟು ಕೂತಿದ್ದರೂ ಬೀಳುತ್ತದೆ. ಒಳಗೆ ಏನೂ ತಿರುಗುತ್ತಿಲ್ಲ ಅಂದಮೇಲೆ ಗೇರ್‌ಗೆ ಅಡ್ಡ ಬರೋದಾದರೂ ಏನು? ಇಷ್ಟು ಸಣ್ಣ ವಿಷಯ, ತಲೆ ಬೆಳ್ಳಗಾಗುವವರೆಗೂ ಇದೇ ಕೆಲಸ ಮಾಡಿದ ಮನುಷ್ಯನಿಗೆ ಗೊತ್ತಿಲ್ಲವಾ? ಗೊತ್ತಿದೆ. ಗೊತ್ತಿದ್ದೂ ಮಾಡಿದ್ದು. ಅದೇ ಉರಿ ನನಗೆ.

ಬೆಳಿಗ್ಗೆಯಿಂದ ಬೇರೆ ಕೆಲಸವೇ ಇಲ್ಲ. ಅಲ್ಲಿ ಹೀಗೆ ಹೇಳಬೇಕಿತ್ತು, ಹಾಗೆ ಕೇಳಬೇಕಿತ್ತು ಅಂತ ಗೋಡೆ ನೋಡಿಕೊಂಡು ಒಬ್ಬನೇ ಜಗಳ ಆಡುತ್ತಿದ್ದೇನೆ.

ಗಾಡಿ ಗ್ಯಾರೇಜಿನ ಅಂಗಳದಲ್ಲಿ ನಿಂತಿತ್ತು. ಚೆನ್ನಾಗಿ ಬಿಸಿಯಾಗಿತ್ತು. ಬಿಸಿಯಾದಾಗಲೇ ಇದರ ಆಟ ಜಾಸ್ತಿ, ಅದಕ್ಕೇ ಸುತ್ತಾಡಿಸಿಕೊಂಡು ಹೋಗಿದ್ದೆ. ಎಂಜಿನ್ ಓಡುತ್ತಿತ್ತು. ನಾನು ಮರ್ಯಾದೆಯಾಗಿಯೇ ಹೇಳಿದೆ, 'ಅಣ್ಣ, ಪೆಡಲ್ ಪೂರ್ತಿ ಒತ್ತಿದರೂ ಕ್ಲಚ್ ಬಿಡ್ತಾ ಇಲ್ಲ. ರಿವರ್ಸ್ ಬೀಳ್ತಿಲ್ಲ. ನೀವೇ ಒಂದು ಸಲ ಕೂತು ನೋಡಿ.' ಅವರು ಕೂರಲಿಲ್ಲ. ಆ ಕಡೆ ಚಕ್ರ ಬಿಚ್ಚುತ್ತಿದ್ದ ಹುಡುಗನನ್ನು ಕರೆದರು. 'ಲೋ, ಸಾರ್‌ಗೆ ಕ್ಲಚ್ ಒತ್ತೋದು ಹೇಗೆ ಅಂತ ತೋರಿಸೋ.'

ಅಷ್ಟು ಸಾಕಾಯಿತು. ಬೆಂಚಿನ ಮೇಲೆ ಕಾಯುತ್ತಾ ಕೂತಿದ್ದವರೆಲ್ಲ ಫೋನಿನಿಂದ ತಲೆ ಎತ್ತಿದರು.

ಹುಡುಗ ಪ್ಯಾಂಟಿಗೆ ಕೈ ಒರೆಸಿಕೊಂಡು ಬಂದ. ಸೀಟನ್ನು ಮುಂದಕ್ಕೆ ಎಳೆದುಕೊಂಡ. ತಕ್ಷಣ ಇವರು, 'ನೋಡಿ ಸಾರ್, ಮೊದಲು ಸೀಟು ಸರಿ ಮಾಡ್ಕೋಬೇಕು' ಅಂದರು. ಅಲ್ಲ, ಆ ಹುಡುಗ ನನ್ನ ಭುಜಕ್ಕೂ ಬರಲ್ಲ! ಅವನು ಸೀಟು ಎಳೆದುಕೊಳ್ಳದೆ ಇನ್ನೇನು ಮಾಡಬೇಕು? ಇರಲಿ. ಹುಡುಗ ಕ್ಲಚ್ ಒತ್ತಿದ, ಲಿವರ್ ಹಿಡಿದು ರಿವರ್ಸ್‌ಗೆ ಎಳೆದ. ಕರ್ರ್ರ್ ಅಂತು. ಇಡೀ ಅಂಗಳಕ್ಕೆ ಕೇಳಿಸಿತು. ಸವೆಯುತ್ತಿರೋದು ನನ್ನದೇ ಗೇರ್‌ಬಾಕ್ಸಿನ ಹಲ್ಲು ಅನ್ನೋದೂ ಮರೆತು ಖುಷಿಪಟ್ಟೆ. ಸಿಕ್ಕಿಬಿದ್ದರು ಅಂದುಕೊಂಡೆ.

ಹುಡುಗ ಇವರ ಮುಖ ನೋಡಿದ. ಇವರು ಎರಡು ಬೆರಳಲ್ಲಿ ಕೀ ತಿರುಗಿಸುವ ಸನ್ನೆ ಮಾಡಿದರು. ನಾನು ನೋಡಿದೆ ಆ ಸನ್ನೆಯನ್ನ. ಅವನು ಎಂಜಿನ್ ಆಫ್ ಮಾಡಿದ. ಮತ್ತೆ ಕ್ಲಚ್ ಒತ್ತಿದ. ರಿವರ್ಸ್ ಸಲೀಸಾಗಿ ಬಿತ್ತು. ಫಸ್ಟ್ ಬಿತ್ತು. ಸೆಕೆಂಡ್, ಥರ್ಡ್, ಎಲ್ಲವೂ ಬಿತ್ತು. 'ನೋಡಿದ್ರಾ ಸಾರ್? ಬೆಣ್ಣೆ ಥರ ಬೀಳ್ತಿದೆ.' ಬೆಂಚಿನ ಮೇಲಿದ್ದ ಒಬ್ಬರು, ಪರಿಚಯ ಇಲ್ಲ ಏನಿಲ್ಲ, 'ಸ್ಪೋರ್ಟ್ಸ್ ಕ್ಲಚ್ ಎಲ್ಲರಿಗೂ ಆಗಿ ಬರಲ್ಲ ಬಿಡಿ' ಅಂದರು. ಉಳಿದವರು ಹೌದೌದು ಅಂತ ತಲೆ ಆಡಿಸಿದರು. ಆ ಮಾತು ಹೇಳಿದವರು ಬಂದಿದ್ದು ಸ್ಕೂಟರ್ ಸರ್ವಿಸ್‌ಗೆ. ಗೇರೂ ಇಲ್ಲ, ಕ್ಲಚ್ ಲಿವರೂ ಇಲ್ಲ ಆ ಗಾಡಿಗೆ!

ನಾನೇನು ಮಾಡಿದೆ? 'ಹೂಂ' ಅಂದೆ. 'ಹೂಂ, ಸರಿ ಅಣ್ಣ.'

ಎಂಜಿನ್ ಸ್ಟಾರ್ಟ್ ಮಾಡಿ ಹಾಕಿ ಅನ್ನೋ ನಾಲ್ಕು ಪದ ಬಾಯಿಗೆ ಬರಲಿಲ್ಲ. ಬಂದಿದ್ದು ಗೇಟು ದಾಟಿದ ಮೇಲೆ. ಅಲ್ಲಿಂದ ಹೊರಟ ಚೆಂದವನ್ನೂ ಕೇಳಿ. ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿದರೆ ಫಸ್ಟ್ ಬೀಳಲ್ಲವಲ್ಲ, ಅದಕ್ಕೆ ಮೊದಲೇ ಫಸ್ಟ್‌ಗೆ ಹಾಕಿ, ಪೆಡಲ್ ನೆಲಕ್ಕೆ ಒತ್ತಿ ಹಿಡಿದು ಕೀ ತಿರುಗಿಸಿದೆ. ಕ್ಲಚ್ ಬಿಟ್ಟಿದ್ದರೆ ಗಾಡಿ ಅಲ್ಲಾಡಬಾರದು. ಗಾಡಿ ನೆಗೆಯಿತು. ಪೆಡಲ್ ನೆಲದಲ್ಲಿದೆ, ಗಾಡಿ ಮುಂದಕ್ಕೆ ನೆಗೆಯುತ್ತಿದೆ. ಇದಕ್ಕಿಂತ ಸಾಕ್ಷಿ ಬೇಕಾ? ಅವರಿಗೆ ಕಂಡಿದ್ದು ಗಾಡಿ ಓಡಿಸೋಕೆ ಬರದವನು. ಹಿಂದೆ ನಕ್ಕಿದ್ದು ನನಗೆ ಸರಿಯಾಗಿ ಕೇಳಿಸಿತು.

ರಿವರ್ಸ್ ರಿವರ್ಸ್ ಅಂತ ನಾನು ಯಾಕೆ ಬಡಿದುಕೊಳ್ಳುತ್ತಿದ್ದೇನೆ ಅಂದರೆ, ಬಹಳಷ್ಟು ಗೇರ್‌ಬಾಕ್ಸ್‌ಗಳಲ್ಲಿ ರಿವರ್ಸ್‌ಗೆ ಸಿಂಕ್ರೋ, ಅಂದರೆ ಹಲ್ಲು ಸೇರುವ ಮುಂಚೆ ವೇಗ ಹೊಂದಿಸುವ ಭಾಗ, ಇರಲ್ಲ. ಮುಂದಿನ ಗೇರ್‌ಗಳಲ್ಲಿ ಸಿಂಕ್ರೋ ಹೇಗೋ ಏಗಿಕೊಂಡು ಹೋಗುತ್ತದೆ, ತಪ್ಪು ಮುಚ್ಚಿಹಾಕುತ್ತದೆ. ರಿವರ್ಸ್ ಮುಚ್ಚಿಹಾಕಲ್ಲ. ಕ್ಲಚ್ ಒತ್ತಿ ಕೆಲವು ಸೆಕೆಂಡ್ ಕಾದರೆ ಗೇರ್‌ಬಾಕ್ಸಿನ ಶಾಫ್ಟ್ ತಾನಾಗಿ ನಿಲ್ಲಬೇಕು. ನಿಂತಿದ್ದರೆ ಶಬ್ದ ಬರೋ ಮಾತೇ ಇಲ್ಲ. ಕಾದ ಮೇಲೂ ಕರ್ರ್ ಅಂದರೆ ಯಾವುದೋ ಒಂದು ಅದನ್ನು ತಿರುಗಿಸುತ್ತಲೇ ಇದೆ. ಕ್ಲಚ್ ಪ್ಲೇಟ್ ಪೂರ್ತಿ ಬಿಡಿಸಿಕೊಳ್ಳದೆ ಎಳೆಯುತ್ತಿರಬೇಕು, ಇಲ್ಲವೇ ಆ ಶಾಫ್ಟಿನ ತುದಿಗೆ ಆಸರೆಯಾದ ಪೈಲಟ್ ಬೇರಿಂಗ್ ಹಿಡಿದುಕೊಂಡಿರಬೇಕು. ಇದರಲ್ಲಿ ನನ್ನ ಕಾಲಿನ ತಪ್ಪೇನಿದೆ?

ಆಮೇಲೆ ಆ ಮಾತು. 'ಹೊಸ ಕ್ಲಚ್ಚು ಸಾರ್, ಸೆಟ್ ಆಗುತ್ತೆ.' ಏನು ಸೆಟ್ ಆಗುತ್ತೆ? ಮೊದಲ 800 ಕಿಲೋಮೀಟರ್ ಮೆತ್ತಗೆ ಓಡಿಸಿ ಅನ್ನೋದು ಪ್ಲೇಟಿನ ಮೈ ಫ್ಲೈವೀಲ್‌ಗೆ, ಅಂದರೆ ಎಂಜಿನ್ ತಿರುಗಿಸುವ ಭಾರದ ಚಕ್ರಕ್ಕೆ, ಒಗ್ಗಿಕೊಂಡು ಚೆನ್ನಾಗಿ ಹಿಡಿಯಲಿ ಅಂತ. ಹಿಡಿಯೋದಕ್ಕೆ! ನನ್ನ ಕ್ಲಚ್ ಹಿಡಿಯುತ್ತಿದೆ ಸ್ವಾಮಿ, ಅದೇ ಅಲ್ವಾ ಗೋಳು. ಎಂಜಿನ್ ಶಕ್ತಿ ಏರಿಸೋಕೆ ಟ್ಯೂನ್ ಮಾಡಿಸಿದ ಮೇಲೆ ಹಳೇ ಕ್ಲಚ್ ಹಿಡಿಯುತ್ತಿರಲಿಲ್ಲ, ಥರ್ಡ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಬರೀ ಆರ್‌ಪಿಎಂ ಏರುತ್ತಿತ್ತು, ಗಾಡಿ ಏರುತ್ತಿರಲಿಲ್ಲ. ಇದು ಬಿಡುತ್ತಿಲ್ಲ. ಓಡಿಸಿ ಓಡಿಸಿ ಬಿಡೋದನ್ನು ಕಲಿಯುವ ಕ್ಲಚ್ ನಾನು ಕಂಡಿಲ್ಲ.

ಹೋಗಲಿ ಬಿಡಿ. ಕೂಗಾಡಿ ಏನು ಪ್ರಯೋಜನ. ಕಂಪನಿ ಕ್ಲಚ್ಚೇ ವಾಪಸ್ ಹಾಕಿಸಿ, ಟ್ಯೂನ್ ತೆಗೆಸಿ, ಸುಮ್ನೆ ಎಲ್ಲರ ಹಾಗೆ ಓಡಾಡಿಕೊಂಡಿರ್ತೀನಿ.

ಯಾಕೆ ಹಾಕಿಸಬೇಕು? ಗೇರ್‌ಬಾಕ್ಸ್ ಇಳಿಸಿ ಏರಿಸೋ ಕೂಲಿ ಇನ್ನೊಂದು ಸಲ ನಾನೇ ಕೊಡಬೇಕು, ಅಲ್ವಾ? ಯಾರೋ ಒಬ್ಬರು ಒಂದು ಸ್ಕೇಲ್ ಹಿಡಿದು ಅಳೆದಿದ್ದರೆ ಮುಗಿಯುವ ಕೆಲಸಕ್ಕೆ!

ಅಳತೆ. ಇಷ್ಟೇ ನಾನು ಕೇಳುತ್ತಿರೋದು. ಪೆಡಲ್ 5-6 ಇಂಚು ಓಡಿದರೂ ಆ ಕೊನೆಯಲ್ಲಿ ಪ್ಲೇಟಿಗೆ ಎರಡೂ ಕಡೆ ಸೇರಿ ಸಿಗುವ ಜಾಗ ಒಂದು ಮಿಲಿಮೀಟರ್ ಆಸುಪಾಸು. ಅಷ್ಟರಲ್ಲಿ ಎಲ್ಲ ನಡೆಯಬೇಕು. ಪೆಡಲ್ ಒತ್ತಡ ಸಾಗಿಸುವ ಆಯಿಲ್ ಲೈನಿನಲ್ಲಿ ಸ್ವಲ್ಪ ಗಾಳಿ ಇದ್ದರೆ ಅದು ತಿಂದುಹಾಕುತ್ತದೆ. ಹಳೇ ರಬ್ಬರ್ ಹೋಸ್ ಉಬ್ಬಿದರೆ ಅದು ತಿನ್ನುತ್ತದೆ. ಕ್ಲಚ್ ಪ್ಲೇಟನ್ನು ಫ್ಲೈವೀಲ್‌ಗೆ ಅದುಮುವ ಪ್ರೆಷರ್ ಪ್ಲೇಟ್ ಮೊದಲಿಗಿಂತ ಗಟ್ಟಿ ಬಂದಿದೆ, ಅದನ್ನು ತಳ್ಳೋಕೆ ಲೈನಿನಲ್ಲಿ ಒತ್ತಡ ಜಾಸ್ತಿ ಬೇಕು, ಒತ್ತಡ ಜಾಸ್ತಿ ಆದಷ್ಟೂ ಈ ಸಣ್ಣಪುಟ್ಟ ನಷ್ಟಗಳೆಲ್ಲ ಜಾಸ್ತಿ ಆಗುತ್ತವೆ. ಹಳೇ ಕ್ಲಚ್‌ನಲ್ಲಿ ಕಾಣದೇ ಇದ್ದದ್ದು ಇದರಲ್ಲಿ ಕಾಣುತ್ತದೆ. ಇದಕ್ಕೇನು ಇಂಜಿನಿಯರಿಂಗ್ ಓದಬೇಕಾ?

ಯಾರೂ ನೋಡಲ್ಲ ಅಂತ ನಾನೇ ಗಾಡಿ ಅಡಿಗೆ ಮಲಗಿದೆ. ತಮ್ಮನನ್ನು ಸೀಟಿನಲ್ಲಿ ಕೂರಿಸಿದೆ. 'ಒತ್ತು. ಬಿಡು. ಒತ್ತು.' ಆಯಿಲ್ ಒತ್ತಡದಿಂದ ಕ್ಲಚ್ಚನ್ನು ತಳ್ಳುವ ಸ್ಲೇವ್ ಸಿಲಿಂಡರ್ ರಾಡಿನ ಪಕ್ಕ ಸ್ಟೀಲ್ ಸ್ಕೇಲ್ ಹಿಡಿದು, ರಾಡ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಗುರುತು ಹಾಕಿದೆ. ಆಮೇಲೆ ಪೆಡಲ್‌ನ ಬೇಗ ಬೇಗ ಪಂಪ್ ಮಾಡಿಸಿ ಮತ್ತೆ ಅಳೆದೆ. ಗಾಳಿ ಇದ್ದರೆ ಪಂಪ್ ಮಾಡಿದ ಮೇಲೆ ರಾಡ್ ಜಾಸ್ತಿ ಓಡಬೇಕು. ಓಡಲಿಲ್ಲ, ಅದೇ ಗುರುತಿಗೆ ಬಂದು ನಿಂತಿತು. ಹಾಗಾಗಿ ಇನ್ನೊಂದು ಸಲ ಏರ್ ತೆಗೆಸಿ ಅಂತ ದಯವಿಟ್ಟು ಯಾರೂ ಹೇಳಬೇಡಿ.

ಮೇಲೆ ಬಂದು ಬಾನೆಟ್ ಎತ್ತಿ ಟಾರ್ಚ್ ಬಿಟ್ಟೆ. ತಮ್ಮ ಪೆಡಲ್ ಒತ್ತಿದ ಹಾಗೆಲ್ಲ ಪೆಡಲ್ ಕಡೆಯಿಂದ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ತಾನೇ ಮುಂದಕ್ಕೆ ಬರುತ್ತಿದೆ! ಅದನ್ನು ಬೋಲ್ಟ್ ಮಾಡಿರುವ ತಗಡು ಬಾಗುತ್ತಿದೆ. ಕಣ್ಣಿಗೆ ಜಾಸ್ತಿ ಕಾಣಲ್ಲ, ಬೆರಳಿಟ್ಟರೆ ಗೊತ್ತಾಗುತ್ತದೆ. ತಗಡು ಬಾಗಿದಷ್ಟೂ ಪೆಡಲ್ ಓಟ ದಂಡ. ವಿಡಿಯೋ ಮಾಡಿ ಕಳಿಸಿದೆ. ಉತ್ತರ ಬಂತು. 'ಅದು ಎಲ್ಲ ಗಾಡೀಲೂ ಹಾಗೇ ಸಾರ್.' ಹಾಗಾದರೆ ಎಲ್ಲ ಗಾಡಿಯೂ ಪೆಡಲ್ ಒತ್ತಿದಾಗ ನೆಗೆಯಬೇಕಲ್ಲ?

ಕ್ಲಚ್ ಮಾರಿದವರನ್ನು ಕೇಳಿದರೆ ಫಿಟ್ಟಿಂಗ್ ಸರಿ ಇಲ್ಲ ಅಂತಾರೆ. ಫಿಟ್ ಮಾಡಿದವರನ್ನು ಕೇಳಿದರೆ, 'ಮಾಲು ನೀವೇ ತಂದಿದ್ದಲ್ವಾ ಸಾರ್' ಅಂತಾರೆ. ಇಬ್ಬರೂ ಹೇಳೋದು ನಿಜವೇ ಇರಬಹುದು, ನನಗೇನು ಗೊತ್ತು. ಗೇರ್‌ಬಾಕ್ಸ್ ಏರಿಸುವಾಗ ಅದರ ಭಾರವನ್ನು ಪ್ಲೇಟಿನ ಮೇಲೆ ನೇತುಬಿಟ್ಟರೆ ಪ್ಲೇಟ್ ಬಾಗುತ್ತದೆ, ಬಾಗಿದ ಪ್ಲೇಟ್ ಎಷ್ಟು ಜಾಗ ಕೊಟ್ಟರೂ ಒಂದು ಅಂಚಲ್ಲಿ ಉಜ್ಜುತ್ತಲೇ ಇರುತ್ತದೆ. ಏರಿಸುವಾಗ ಜ್ಯಾಕ್ ಕೊಟ್ಟಿದ್ದಿರಾ ಅಂತ ಕೇಳಿದ್ದಕ್ಕೆ, ನಾನು ಅವರ ಮನೆಯವರನ್ನೇ ಬೈದೆ ಅನ್ನೋ ಹಾಗೆ ನೋಡಿದರು. ಡಬ್ಬದ ಒಳಗೆ ಬಂದಿದ್ದ ಕಾಗದ ಇನ್ನೂ ಚೆಂದ. ಎಷ್ಟು ಟಾರ್ಕ್ (ತಿರುಗಿಸುವ ಬಲ) ತಡೆಯುತ್ತದೆ ಅಂತ ದಪ್ಪ ಅಕ್ಷರದಲ್ಲಿದೆ. ಕ್ಲಚ್ ಬಿಡಿಸೋಕೆ ತಳ್ಳುವ ರಿಲೀಸ್ ಬೇರಿಂಗ್ ಎಷ್ಟು ಓಡಬೇಕು ಅಂತ ಎಲ್ಲೂ ಇಲ್ಲ. ಹಿಡಿಯೋದರ ಬಗ್ಗೆ ಇಡೀ ಪುಟ, ಬಿಡೋದರ ಬಗ್ಗೆ ಒಂದು ಸಾಲಿಲ್ಲ.

ಈಗ ನನ್ನ ಚಾಲಕ ಜೀವನ ಹೀಗಿದೆ. ರಿವರ್ಸ್ ಬೇಕಾಗುವ ಜಾಗದಲ್ಲಿ ಗಾಡಿ ನಿಲ್ಲಿಸಲ್ಲ. ಇಳಿಜಾರು ಕಂಡರೆ ಪ್ರೀತಿ ಉಕ್ಕುತ್ತದೆ. ಸಿಗ್ನಲ್ ಕೆಂಪಾದರೆ ದೂರದಿಂದಲೇ ನ್ಯೂಟ್ರಲ್‌ಗೆ ಎಳೆದು ಉರುಳಿಸಿಕೊಂಡು ಬರ್ತೀನಿ, ಹಸಿರಾಗುವ ಮುಂಚೆ ಎಂಜಿನ್ ಆಫ್ ಮಾಡಿ ಫಸ್ಟ್ ಹಾಕಿ ಕಾಯ್ತೀನಿ. ಓಡುವಾಗ ಆರ್‌ಪಿಎಂ ಹೊಂದಿಸಿ ಕ್ಲಚ್ ಮುಟ್ಟದೆ ಗೇರ್ ಬದಲಿಸೋದು ಅಭ್ಯಾಸವಾಗಿದೆ. ಅಂದರೆ ಕೈತುಂಬ ದುಡ್ಡು ಕೊಟ್ಟು ಹೊಸ ಕ್ಲಚ್ ಹಾಕಿಸಿ, ಕ್ಲಚ್ ಇಲ್ಲದೆ ಗಾಡಿ ಓಡಿಸೋದು ಕಲಿತ ಮಹಾನುಭಾವ ನಾನು. ಎಡಗಾಲಿನ ಮೀನಖಂಡ ಮಾತ್ರ ಕಲ್ಲಾಗಿದೆ. ಪರ್ಫಾರ್ಮೆನ್ಸ್ ಅಂದರೆ ಅದೇ ಇರಬೇಕು.

ಗೊತ್ತಿರೋರು ಯಾರಾದರೂ ಇದ್ದರೆ ಉತ್ತರ ಕೊಡಿ. ಯಾರಾದರೂ ಸರಿ. ಗಟ್ಟಿ ಪ್ರೆಷರ್ ಪ್ಲೇಟ್ ಹಾಕಿಸಿದವರು ಆ ತಗಡಿಗೆ ಆಸರೆ ಪಟ್ಟಿ ವೆಲ್ಡ್ ಮಾಡಿಸಿದ್ದೀರಾ? ಅದರಿಂದ ಕ್ಲಚ್ ಬಿಟ್ಟಿತಾ? ಮಾಸ್ಟರ್ ಸಿಲಿಂಡರನ್ನೇ ದೊಡ್ಡದು ಹಾಕಿ ಅಂತ ಒಬ್ಬರು ಹೇಳಿದರು. 15.87 ಮಿಲಿಮೀಟರ್ ಬೋರ್ (ಒಳವ್ಯಾಸ) ಬದಲು 19.05 ಹಾಕಿದರೆ ಅದೇ ಪೆಡಲ್ ಓಟಕ್ಕೆ ಶೇಕಡಾ 44 ಜಾಸ್ತಿ ಆಯಿಲ್ ಹೋಗುತ್ತದೆ, ಲೆಕ್ಕ ನಾನೂ ಮಾಡಿದೆ. ಪೆಡಲ್ ಕೂಡ ಅಷ್ಟೇ ಗಟ್ಟಿಯಾಗುತ್ತದೆ. ಆ ತಗಡು ಇನ್ನೂ ಬಾಗುತ್ತದೆ. ಅತಿಯಾಗಿ ಒತ್ತಿದರೆ ಪ್ರೆಷರ್ ಪ್ಲೇಟಿನ ಡಯಾಫ್ರಾಮ್ ಸ್ಪ್ರಿಂಗಿನ ಬೆರಳುಗಳು ಕ್ಲಚ್ ಪ್ಲೇಟಿನ ನಡುಭಾಗಕ್ಕೆ ತಾಗುವ ಭಯ ಬೇರೆ. ಮತ್ತೆ ಅದಕ್ಕೆ ನನ್ನ ಕಾಲು ಎಲ್ಲಿಂದ ತರಲಿ?

ಗೇರ್‌ಬಾಕ್ಸ್ ಇಳಿಸದೆ ಮಾಡಬಹುದಾದ ಇನ್ನೊಂದು ಪರೀಕ್ಷೆ ಬಾಕಿ ಇದೆ. ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಕೊಟ್ಟು, ಎಂಜಿನ್ ಆಫ್ ಮಾಡಿ, ಫಸ್ಟ್ ಹಾಕಿ, ಒಬ್ಬರು ಕ್ಲಚ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಒಂದು ಚಕ್ರ ಅಲುಗದಂತೆ ಹಿಡಿಯಬೇಕು. ಹಿಡಿಯದಿದ್ದರೆ, ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್‌ನಿಂದಾಗಿ ಅದು ಉಲ್ಟಾ ಸುತ್ತಿ ಏನೂ ಗೊತ್ತಾಗಲ್ಲ. ಮೂರನೆಯವರು ಇನ್ನೊಂದು ಚಕ್ರ ತಿರುಗಿಸಬೇಕು. ಸುಲಭವಾಗಿ ತಿರುಗಿದರೆ ಕ್ಲಚ್ ಬಿಟ್ಟಿದೆ, ಎಂಜಿನ್ ಅಡ್ಡ ಬಂದರೆ ಬಿಟ್ಟಿಲ್ಲ. ಎಂಜಿನ್ ಆಫ್ ಮಾಡಿ ಪರೀಕ್ಷೆ ಮಾಡೋದೇ ಆದರೆ ಹೀಗೆ ಮಾಡಬೇಕಿತ್ತು ಅಂತ ಆ ಅಂಗಳಕ್ಕೆ ಹೋಗಿ ಕೂಗಬೇಕು ಅನ್ನಿಸುತ್ತಿದೆ. ಹೋಗಲ್ಲ. ಹೋದರೂ ಮತ್ತೆ 'ಹೂಂ' ಅಂದು ಬರ್ತೀನಿ, ನನ್ನ ಬಗ್ಗೆ ನನಗೆ ಗೊತ್ತು.

ಇಷ್ಟು ಬರೆಯುವ ಹೊತ್ತಿಗೆ ಫ್ಲೈವೀಲ್ ನೆನಪಾಯಿತು. ಹಳೇ ಫ್ಲೈವೀಲನ್ನೇ ಲೇತ್‌ಗೆ ಹಾಕಿಸಿ ನುಣುಪು ಮಾಡಿಸಿದ್ದರು. ಅದನ್ನು ತೆಳ್ಳಗೆ ಮಾಡಿದಷ್ಟೂ ಪ್ರೆಷರ್ ಪ್ಲೇಟ್ ರಿಲೀಸ್ ಬೇರಿಂಗ್‌ನಿಂದ ದೂರ ಸರಿಯುತ್ತದೆ, ಆ ಬೇರಿಂಗನ್ನು ತಳ್ಳುವ ಫೋರ್ಕ್ ಕೂರುವ ಕೋನ ಬದಲಾಗುತ್ತದೆ. ಅದಕ್ಕೇ ಕೆಲವರು ಫೋರ್ಕ್ ಆನಿಕೊಳ್ಳುವ ಪಿವಟ್ ಬಾಲ್ ಅಡಿಗೆ ಶಿಮ್, ಅಂದರೆ ತೆಳು ಬಿಲ್ಲೆ, ಕೊಡೋದು. ಧೈರ್ಯ ಮಾಡಿ ಫೋನ್ ಮಾಡಿದೆ. ಫ್ಲೈವೀಲ್ ಎಷ್ಟು ತೆಗೆದಿದ್ದೀರಿ ಅಣ್ಣ ಅಂದೆ. 'ಸ್ವಲ್ಪ ಸಾರ್, ಕಲೆ ಹೋಗೋವಷ್ಟು.' ಮಿಲಿಮೀಟರ್ ಲೆಕ್ಕದಲ್ಲಿ ಹೇಳಿ ಅಂದೆ. 'ಅದನ್ನೆಲ್ಲ ಯಾರು ಅಳೀತಾರೆ ಸಾರ್' ಅಂದು ಫೋನ್ ಇಟ್ಟರು.