ಭುಜದ ಕಡೆ ಒಮ್ಮೆ ನೋಡಿ, ಆಮೇಲೆ ಮಾತಾಡಿ

ಇವತ್ತು ಬೆಳಿಗ್ಗೆ ಕೋಲಾರದ ಕ್ಲಾಕ್ ಟವರ್ ಹತ್ತಿರ ನೋಡಿದ್ದು ಇನ್ನೂ ತಲೆಯಿಂದ ಹೋಗುತ್ತಿಲ್ಲ. ದಾರಿಗೆ ಅಡ್ಡ ನಿಲ್ಲಿಸಿದ್ದ ಕಾರನ್ನು ತೆಗೆಯಿರಿ ಅಂತ ಒಬ್ಬ ಎಎಸ್‌ಐ (ಸಹಾಯಕ ಸಬ್ ಇನ್ಸ್‌ಪೆಕ್ಟರ್) ಹೇಳಿದರು. ಐವತ್ತು ದಾಟಿದ ವಯಸ್ಸು, ಕೂದಲೆಲ್ಲ ಬೆಳ್ಳಗಾಗಿದೆ. ಕಾರಿನವನಿಗೆ ಹೆಚ್ಚೆಂದರೆ ಮೂವತ್ತು. ಗಾಜು ಅರ್ಧ ಇಳಿಸಿ, "ಏಯ್ ಪೇದೆ, ನಿನ್ನ ಹತ್ರ ಏನು ಮಾತು? ನಿಮ್ ಸಾಹೇಬರನ್ನ ಕರಿ" ಅಂದ. ಸುತ್ತ ನಿಂತಿದ್ದವರು ನಕ್ಕರು. ಅವನ ಮಾತಿಗಿಂತ ಆ ನಗು ನನಗೆ ಜಾಸ್ತಿ ಚುಚ್ಚಿತು.

ನಮ್ಮಪ್ಪ ಹೆಡ್ ಕಾನ್‌ಸ್ಟೇಬಲ್ ಆಗಿದ್ದವರು ಅಂತ ಇಲ್ಲಿರುವ ಬಹಳ ಜನಕ್ಕೆ ಗೊತ್ತು. ನನ್ನ ಸಿಟ್ಟು ಎಲ್ಲಿಂದ ಬಂತು ಅಂತ ನಿಮಗೆ ಹೇಳಬೇಕಿಲ್ಲ.

ಆ ಎಎಸ್‌ಐ ಭುಜದ ಮೇಲೆ ಒಂದು ಸ್ಟಾರ್ ಇತ್ತು. ಜೊತೆಗೆ ಕೆಂಪು-ನೀಲಿ ರಿಬ್ಬನ್. ಅದು ಅಲ್ಲಿಗೆ ಹೇಗೆ ಬರುತ್ತದೆ ಗೊತ್ತಾ? ಕಾನ್‌ಸ್ಟೇಬಲ್ ಆಗಿ ಸೇರಿದಾಗ ತೋಳು ಖಾಲಿ, ಭುಜದ ಮೇಲೂ ಸ್ಟಾರ್ ಇಲ್ಲ. ಠಾಣೆಯಲ್ಲಿ ಹೆಸರಿಗಿಂತ ಪಿಸಿ ನಂಬರ್ ಜಾಸ್ತಿ ಓಡಾಡುತ್ತದೆ. ಎಷ್ಟೋ ವರ್ಷ ಬಂದೋಬಸ್ತ್, ಬೀಟ್, ಸಮನ್ಸ್, ಕೋರ್ಟ್ ಅಂತ ಸವೆದ ಮೇಲೆ ತೋಳಿಗೆ ಮೂರು ಪಟ್ಟಿ ಬಂದು ಹೆಡ್ ಕಾನ್‌ಸ್ಟೇಬಲ್ ಆಗುತ್ತಾರೆ. ಮತ್ತೆ ವರ್ಷಗಟ್ಟಲೆ ಕಾಯಬೇಕು. ಆಮೇಲೆ ಆ ಒಂದು ಸ್ಟಾರ್. ಪರೀಕ್ಷೆ ಬರೆದು ನೇರವಾಗಿ ಪಿಎಸ್‌ಐ (ಸಬ್ ಇನ್ಸ್‌ಪೆಕ್ಟರ್) ಆದವರಿಗೆ ಇಪ್ಪತ್ತರ ವಯಸ್ಸಿನಲ್ಲೇ ಎರಡು ಸ್ಟಾರ್ ಬರಬಹುದು. ಅದು ತಪ್ಪಲ್ಲ, ಅವರೂ ಓದಿ ಬಂದವರೇ. ಆದರೆ ಬೆಳ್ಳಗಾದ ಕೂದಲಿನ ಜೊತೆ ಒಂಟಿ ಸ್ಟಾರ್ ಕಂಡರೆ ಅದರ ಹಿಂದೆ ಒಂದು ಇಡೀ ಸರ್ವೀಸ್ ಇದೆ ಅಂತ ತಿಳಿಯಬೇಡವಾ?

ನಮ್ಮಪ್ಪನಿಗೆ ಆ ಸ್ಟಾರ್ ಬರಲೇ ಇಲ್ಲ. ಬಡ್ತಿ ಪಟ್ಟಿ ಬರುವ ಮೊದಲೇ ಸರ್ವೀಸ್ ಮುಗಿಯಿತು. ಹೊಸ ಯೂನಿಫಾರ್ಮ್ ಬಂದಾಗಲೆಲ್ಲ ತೋಳಿನ ಪಟ್ಟಿ ಹೊಲಿದುಕೊಡುತ್ತಿದ್ದವಳು ನಾನು. ಅಪ್ಪ ಬೇಜಾರು ಅಂತ ಒಂದು ದಿನವೂ ಬಾಯಿಬಿಡಲಿಲ್ಲ. ನನಗೆ ಮಾತ್ರ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮೊದಲು ಟೋಪಿ ನೋಡಿದರೂ ಸಾಕಿತ್ತು. ಕಾನ್‌ಸ್ಟೇಬಲ್, ಹೆಡ್ ಕಾನ್‌ಸ್ಟೇಬಲ್‌ಗಳಿಗೆ ಒಂದು ಕಡೆ ಮಡಚಿದ ಸ್ಲೌಚ್ ಹ್ಯಾಟ್ ಇರುತ್ತಿತ್ತು. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಅವರಿಗೂ ನೀಲಿ ಪೀಕ್ ಕ್ಯಾಪ್ ಕೊಟ್ಟಿತು. ನನಗೆ ತುಂಬಾ ಖುಷಿಯಾಗಿತ್ತು. ಈಗ ಭುಜ ಮತ್ತು ತೋಳನ್ನೇ ನೋಡಬೇಕು. ನಾವು ನೋಡುವುದಿಲ್ಲ. ನೋಡಿದರೂ ಸುಮ್ನೆ ಸ್ಟಾರ್ ಎಣಿಸುತ್ತೇವೆ. ಇನ್ಸ್‌ಪೆಕ್ಟರ್‌ಗೂ ಮೂರು ಸ್ಟಾರ್, ಅವರ ಮೇಲಿನ ಡಿವೈಎಸ್‌ಪಿಗೂ (ಉಪ ಪೊಲೀಸ್ ವರಿಷ್ಠಾಧಿಕಾರಿ) ಮೂರು ಸ್ಟಾರ್. ಇನ್ಸ್‌ಪೆಕ್ಟರ್‌ಗೆ ರಿಬ್ಬನ್ ಇರುತ್ತದೆ, ಡಿವೈಎಸ್‌ಪಿಗೆ ಇರುವುದಿಲ್ಲ. ನಮ್ಮ ಒಂದೇ ಜಿಲ್ಲೆಯಲ್ಲಿ ಇಬ್ಬರು ಎಸ್‌ಪಿಗಳಿದ್ದಾರೆ (ಡಿವೈಎಸ್‌ಪಿಗಿಂತ ಮೇಲಿನ ಪೊಲೀಸ್ ವರಿಷ್ಠಾಧಿಕಾರಿಗಳು), ಕೋಲಾರಕ್ಕೊಬ್ಬರು, ಕೆಜಿಎಫ್‌ಗೊಬ್ಬರು. ಎಸ್‌ಪಿ ಭುಜದ ಮೇಲೆ ಸಾಮಾನ್ಯವಾಗಿ ಅಶೋಕ ಸಿಂಹ ಮತ್ತು ಒಂದು ಸ್ಟಾರ್. ಅಲ್ಲೂ ಸ್ಟಾರ್ ಒಂದೇ ಅಲ್ವಾ? ಎಣಿಸುವವರು ಅವರಿಗೂ "ಏಯ್" ಅನ್ನುತ್ತಾರಾ?

ಸೇನೆಯವರಿಗೂ ಇದೇ ಪಾಡು. ನಮ್ಮ ಕಡೆಯ ಒಂದು ಶಾಲೆಯಲ್ಲಿ ಸ್ವಾತಂತ್ರ್ಯ ದಿನಕ್ಕೆ ಬಂದಿದ್ದ ನಿವೃತ್ತ ಸುಬೇದಾರ್ ಒಬ್ಬರನ್ನು "ಮಾಜಿ ಸಿಪಾಯಿ" ಅಂತ ಕರೆದು ಹಿಂದಿನ ಸಾಲಿನಲ್ಲಿ ಕೂರಿಸಿದ್ದರು. ಸಿಪಾಯಿ ತೋಳಿನಲ್ಲಿ ಏನೂ ಇರುವುದಿಲ್ಲ. ಲ್ಯಾನ್ಸ್ ನಾಯಕ್‌ಗೆ ಒಂದು ಪಟ್ಟಿ, ನಾಯಕ್‌ಗೆ ಎರಡು, ಹವಾಲ್ದಾರ್‌ಗೆ ಮೂರು. ಅದಾದ ಮೇಲೆ ಗುರುತು ತೋಳಿನಿಂದ ಭುಜಕ್ಕೆ ಏರುತ್ತದೆ. ನಾಯಬ್ ಸುಬೇದಾರ್‌ಗೆ ರಿಬ್ಬನ್ ಜೊತೆ ಒಂದು ಸ್ಟಾರ್, ಸುಬೇದಾರ್‌ಗೆ ಎರಡು, ಸುಬೇದಾರ್ ಮೇಜರ್‌ಗೆ ಅಶೋಕ ಸಿಂಹ. ಈ ಸಿಂಹ ಇರುವ ಜಾಗದಲ್ಲಿ ಹಿಂದೆ ಬ್ರಿಟಿಷ್ ಕಿರೀಟ ಇತ್ತು. 1950ರಲ್ಲಿ ನಾವು ಗಣರಾಜ್ಯ ಆದ ಮೇಲೆ ಕಿರೀಟ ಹೋಗಿ ಸಿಂಹ ಬಂತು. ಆ ಗುರುತುಗಳಲ್ಲಿ ಒಂದನ್ನು ಹೊತ್ತು ಊರಿಗೆ ವಾಪಸ್ ಬಂದವರಿಗೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಇಲ್ಲ.

"ಪೊಲೀಸರು ಮೊದಲು ನಮಗೆ ಮರ್ಯಾದೆ ಕೊಡಲಿ" ಅಂತ ನೀವು ಹೇಳುತ್ತೀರಿ, ಗೊತ್ತು. ಠಾಣೆಯಲ್ಲಿ ಕೆಟ್ಟದಾಗಿ ಮಾತಾಡುವವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಆ ಎಎಸ್‌ಐ ಯಾರಿಗೂ ಕೆಟ್ಟದಾಗಿ ಮಾತಾಡಿರಲಿಲ್ಲ. ಇನ್ನೊಂದು, ಠಾಣೆಯ ಮೇಲೆ ಸಿಟ್ಟಿರುವವರೇ ರ‍್ಯಾಂಕ್ ಮೊದಲು ಕಲಿಯಬೇಕು. ಬಂಧಿಸುವ ಪೊಲೀಸರ ಹೆಸರು ಮತ್ತು ಹುದ್ದೆ ಸ್ಪಷ್ಟವಾಗಿ ಕಾಣಬೇಕು ಅಂತ ಸುಪ್ರೀಂ ಕೋರ್ಟ್ ಡಿ.ಕೆ. ಬಸು ಪ್ರಕರಣದಲ್ಲಿ 1996ರಲ್ಲೇ ಹೇಳಿದೆ. ಪರಿಶಿಷ್ಟರ ಮೇಲಿನ ದೌರ್ಜನ್ಯದ ಕೇಸನ್ನು ಡಿವೈಎಸ್‌ಪಿಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ) ಕೇಸಿನಲ್ಲಿ ಮಗುವಿನ ಹೇಳಿಕೆಯನ್ನು ಸಾಧ್ಯವಾದಷ್ಟು ಮಹಿಳಾ ಅಧಿಕಾರಿಯೇ, ಅದೂ ಸಬ್ ಇನ್ಸ್‌ಪೆಕ್ಟರ್‌ಗಿಂತ ಕಡಿಮೆ ಇಲ್ಲದವರು ಬರೆದುಕೊಳ್ಳಬೇಕು. ಎದುರಿಗೆ ಕೂತವರು ಯಾರು ಅಂತಲೇ ತಿಳಿಯದಿದ್ದರೆ ಈ ಹಕ್ಕನ್ನು ಹೇಗೆ ಕೇಳುತ್ತೀರಿ?

ಹಾಗಂತ ಖಾಲಿ ತೋಳಿನ ಕಾನ್‌ಸ್ಟೇಬಲ್‌ಗೆ "ಏಯ್" ಅನ್ನಬಹುದು ಅಂತ ನಾನು ಹೇಳುತ್ತಿಲ್ಲ. ಗಣೇಶನ ಮೆರವಣಿಗೆ ದಿನ ರಾತ್ರಿಯಿಡೀ ನಿಂತೇ ಇರುವವರು ಅವರು. ಅವರನ್ನೂ "ಸಾರ್" ಅನ್ನಿ, "ಮೇಡಂ" ಅನ್ನಿ. ನಾಲಿಗೆ ಏನೂ ಸವೆಯುವುದಿಲ್ಲ.

ಠಾಣೆಯಲ್ಲಿ ಮೇಲಧಿಕಾರಿಗಳ ಹೆಸರು, ಫೋನ್ ನಂಬರ್ ಇರುವ ಬೋರ್ಡ್ ಹಾಕಿರುತ್ತಾರೆ. ಅದರ ಪಕ್ಕದಲ್ಲೇ ಕಾನ್‌ಸ್ಟೇಬಲ್‌ನಿಂದ ಡಿಜಿಪಿವರೆಗಿನ ಗುರುತುಗಳ ಚಿತ್ರ ಹಾಕಿದರೆ ಏನು ಕಷ್ಟ? ಶಾಲೆಗಳಲ್ಲೂ ಹಾಕಲಿ. ನನ್ನ ಟ್ಯೂಷನ್ ಮಕ್ಕಳಿಗೆ ಅಂತ ಪೊಲೀಸರದ್ದು, ಸೇನೆಯದ್ದು ಎರಡೂ ಚಾರ್ಟ್ ಬರೆದಿಟ್ಟಿದ್ದೇನೆ. ಬಂಗಾರಪೇಟೆ, ಮಾಲೂರು, ಮುಳಬಾಗಿಲು ಕಡೆಯ ಮೇಷ್ಟ್ರುಗಳು ಯಾರಾದರೂ ಇದ್ದರೆ ಇನ್‌ಬಾಕ್ಸ್‌ಗೆ ಬನ್ನಿ, ಫೋಟೋ ಕಳಿಸುತ್ತೇನೆ.